ಹಸಿ ಏರದ ನೆಲ

ನನ್ನ ಅಕ್ಕ ಲಗಮವ್ವ ತನ್ನ ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಒಂದೇ ಕೆಲಸ. ಅದನ್ನು ನಾನು ಮಾಡಿಕೊಡಲಿಲ್ಲ. ಅದು ಆಗುವ ಕೆಲಸವಲ್ಲ ಎಂದು ತುಂಬಿದ ಸಭೆಯಲ್ಲಿ ಸುಳ್ಳು ಹೇಳಿದೆ. ನ್ಯೂಜಿಲೆಂಡಿಗೆ ಹೋಗಿ ಬಂದವನು ನಮ್ಮ ಕಡೆ ನೀನೊಬ್ಬನೇ, ಅಲ್ಲಿಯದನ್ನು ಬರೆ ಎಂದು ಹಾರೂಗೇರಿಯ ಗೆಳೆಯರು ಗಂಟು ಬಿದ್ದಿದ್ದಾರೆ. ಬರೆಯುತ್ತೇನೆ. ಆದರೆ ಆ ಸುಳ್ಳನ್ನು ಬಿಟ್ಟು ಬರೆದರೆ ಈ ಪ್ರವಾಸದಲ್ಲಿ ಹೇಳುವಂಥದ್ದು ಏನೂ ಉಳಿಯುವುದಿಲ್ಲ.

ನಾನು ಗೌಂಡಿ. ಗೋಡೆ ಕಟ್ಟುವವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟೆ. ನಮ್ಮದು ರಾಯಬಾಗ ತಾಲೂಕಿನ ಒಂದು ಕುರಿಗಾರರ ಹಟ್ಟಿ. ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯಿತಿಗಳು ಬಂದಾಗ ಹೆಂಗಸರಿಗೆಂದು ಮೀಸಲಾದ ಜಾಗಕ್ಕೆ ಅಕ್ಕ ಆರಿಸಿ ಬಂದಳು. ಹಟ್ಟಿಯಿಂದ ಅಂಥ ಸಭೆಗೆ ಹೋದವರಲ್ಲಿ ಆಕೆಯೇ ಮೊದಲನೆಯವಳು. ಅದೇ ವರ್ಷ ಪಂಚಾಯಿತಿಗೆ ಹೊಸ ಕಟ್ಟಡ ಮಂಜೂರಾಯಿತು. ಕಟ್ಟುವವನು ನಾನು.

ನಮ್ಮ ಊರಿನ ಹಳೆಯ ಚಾವಡಿಯನ್ನು ನೋಡಿದವರಿಗೆ ಗೊತ್ತು. ಎದೆಮಟ್ಟದ ಕಟ್ಟೆ, ಅದರ ಮೇಲೆ ಹಿರಿಯರು. ಹೆಂಗಸರು ಅದರ ಮುಂದೆ ಹಾಯುವ ಹಾಗಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನ ಓಣಿಯಿಂದ ಹೋಗಬೇಕು. ಹೊಸ ಕಟ್ಟಡದ ಒಳಗೂ ಅಂಥದೇ ಕಟ್ಟೆ ಬೇಕೆಂದು ಮಂಡಲದ ಮುಖ್ಯಸ್ಥರಾದ ಪ್ರಧಾನರ ಆಸೆ. ಅಕ್ಕ ಒಂದು ಸಂಜೆ ನಮ್ಮ ಅಂಗಳದಲ್ಲಿ ಬೂದಿ ಹಿಡಿದು ಒಂದು ದುಂಡನೆಯ ಗೆರೆ ಎಳೆದಳು.

"ತಮ್ಮಾ, ಕಟ್ಟಿ ಬ್ಯಾಡೋ. ಕುರಿ ತರುಬಿದಲ್ಲಿ ನಮ್ಮ ಮಂದಿ ಕಂಬಳಿ ಹಾಸಿ ಸುತ್ತ ಕುಂದ್ರತಾರಲ್ಲ, ಹಂಗ ಮಾಡು. ಎಲ್ಲಾರೂ ಒಂದs ನೆಲದ ಮ್ಯಾಲ. ಆಗ ನಾನೂ ಒಬ್ಬಾಕಿ ಆಗಿ ಮಾತಾಡ್ತೀನಿ. ಇಲ್ಲಾಂದ್ರ ಕೆಳಗ ನಿಂತು ಬೇಡಿದಂಗ ಆಕ್ಕೈತಿ."

"ಆತಬೇ" ಎಂದೆ.

ಮುಂದಿನ ಸಭೆಯಲ್ಲಿ ಅಕ್ಕ ಅದನ್ನೇ ಎದ್ದು ಹೇಳಿದಳು. ಕೆಲವರು ನಕ್ಕರು. ಒಬ್ಬರು, "ಕುರಿ ಹಿಕ್ಕೀನೂ ಹಾಸೂದೇನ್ರಿ?" ಎಂದರು. ಪ್ರಧಾನರು ನನ್ನ ಕಡೆ ತಿರುಗಿ, "ಏನ್ ಗೌಂಡಿ, ಕಟ್ಟಿ ಇಲ್ದ ಆಕ್ಕೈತೇನು?" ಎಂದು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು. ಅಕ್ಕ ಹೇಳಿದಂತೆ ಕುಣಿಯುವ ಗೌಂಡಿ ಎಂದು ನಾಳೆ ಇವರು ಚಹಾದಂಗಡಿಯಲ್ಲಿ ಆಡಿಕೊಳ್ಳುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

"ಆಗೂದಿಲ್ರಿ. ಕಪ್ಪು ನೆಲ ಐತಿ, ನೀರ ಹಿಡೀತೈತಿ. ಕಟ್ಟಿ ಇಲ್ದಿದ್ರ ಹಸಿ ಏರತೈತಿ" ಎಂದೆ.

ಅದು ಸುಳ್ಳು. ಗಟ್ಟಿ ಅಡಿಪಾಯ ಹಾಕಿ, ಕಲ್ಲು ತುಂಬಿ ಧಮ್ಮಸು ಬಡಿದರೆ ಅಲ್ಲಿ ಹಸಿ ಏರುವುದಿಲ್ಲ. ನನ್ನ ಸ್ವಂತ ಮನೆಯ ನೆಲ ಹಾಗೆಯೇ ಇದೆ, ಅಕ್ಕ ಅದರ ಮೇಲೆ ಕುಳಿತು ಉಂಡವಳು. ಆಕೆ ನನ್ನ ಮುಖ ನೋಡಿದಳು. ಕಟ್ಟೆ ಆಯಿತು. ಕಟ್ಟೆಯ ಮೇಲೆ ಕುರ್ಚಿಗಳು ಬಂದವು. ಆಕೆಯನ್ನು ಮೇಲೆ ಬಾ ಎಂದು ಯಾರೂ ಕರೆಯಲಿಲ್ಲ. ಅಧಿಕಾರ ಮುಗಿಯುವತನಕ ಆಕೆ ಬಾಗಿಲ ಬಾಜೂ, ಹೊಸ್ತಿಲ ಹತ್ತಿರ ಕಂಬಳಿ ಹಾಸಿಕೊಂಡು ಕುಳಿತಳು.

ಕುಡಚಿ ಸ್ಟೇಷನ್

ಅಕ್ಕನ ಅಧಿಕಾರ ಮುಗಿದ ಮೇಲಿನ ಮಾತು ಇದು. ನ್ಯೂಜಿಲೆಂಡಿನ ಮೂಲನಿವಾಸಿಗಳು ಮಾವೊರಿ ಜನ. ಬೇರೆ ದೇಶಗಳ ಬುಡಕಟ್ಟಿನವರು, ದನ-ಕುರಿ ಕಾಯುವವರು, ಹಳ್ಳಿಯ ಸಭೆಗಳಲ್ಲಿ ಕುಳಿತವರು ಎಲ್ಲರನ್ನೂ ಕರೆದು ತಮ್ಮ ಊರಲ್ಲಿ ಒಂದು ಕೂಟ ಮಾಡುವವರಿದ್ದರು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ನಡುವೆ ಕೆಲಸ ಮಾಡುವ ಕುಸುಮಬಾಯಿಯವರು ಅಕ್ಕನ ಹೆಸರು ಕೊಟ್ಟಿದ್ದರು, ಇಂಗ್ಲಿಷು ತಿರುಗಿಸಿ ಹೇಳಲು ತಾವೂ ಹೊರಟಿದ್ದರು. ಅಕ್ಕನ ಜೊತೆಗೆ ಮನೆಯವರೊಬ್ಬರು ಬರಬಹುದು ಎಂದಾಗ ಅಕ್ಕ ನನ್ನ ಹೆಸರು ಹೇಳಿದಳು. ಯಾಕೆ ನಾನು ಎಂದು ಕೇಳಿದ್ದಕ್ಕೆ, "ನೀ ಮನಿ ಕಟ್ಟಾಂವ. ಅಲ್ಲಿ ಮನಿ ಹ್ಯಾಂಗ ಕಟ್ಯಾರ ನೋಡುವಂತಿ" ಎಂದಿದ್ದಳು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಹೊರಡುವ ಹಿಂದಿನ ತಿಂಗಳು ಆಕೆಗೆ ಎದೆನೋವು ಬಂತು. ಚಿಕ್ಕೋಡಿ ದವಾಖಾನೆಗೆ ಒಯ್ಯುವಾಗ ಜೀಪಿನಲ್ಲೇ ಹೋದಳು. ತಲೆ ನನ್ನ ತೊಡೆಯ ಮೇಲಿತ್ತು. ಹೇಳಬೇಕಾದದ್ದನ್ನು ಆಗಲೂ ನಾನು ಹೇಳಲಿಲ್ಲ. "ಸಮೀಪ ಬಂತಬೇ, ಸಮೀಪ ಬಂತು" ಎನ್ನುತ್ತ ಕುಳಿತಿದ್ದೆ.

ನಾನು ಹೋಗುವುದಿಲ್ಲ ಎಂದೆ. ಬಾಯಿಯವರು ಅಲ್ಲಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ಮಾತನ್ನು ನನಗೆ ಹೇಳುವಾಗ ಅವರ ದನಿ ಸ್ವಲ್ಪ ಬೇರೆಯಾಗಿತ್ತು. "ಸಿದ್ದಪ್ಪಾ, ಅವರು ಏನಂತಾರ ಗೊತ್ತೈತೇನು? ತೀರಿಕೊಂಡಿದ್ರ ಆಕಿ ಬರೂದು ಇನ್ನೂ ಜರೂರ ಐತಂತ. ಫೋಟೋ ತಗೊಂಡ ಬರ್ರಿ, ಆಕಿನ್ನ ಕರಕೊಂಡs ಬರ್ರಿ ಅಂದ್ರು."

ಪಾಸ್‌ಪೋರ್ಟಿಗೆಂದು ತೆಗೆಸಿದ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆಕೆಯದೇ ಕಂಬಳಿಯಲ್ಲಿ ಸುತ್ತಿಕೊಂಡೆ. ಕುಡಚಿ ಸ್ಟೇಷನ್ನಿನಲ್ಲಿ ನಾನೂ ಬಾಯಿಯವರೂ ಮಿರಜದ ಗಾಡಿಗೆ ಕಾಯುತ್ತಿದ್ದಾಗ ಪರಿಚಯದ ಚಹಾದ ಮುದುಕ ಬಂದು ನಮ್ಮಿಬ್ಬರ ಮುಂದೆ ಮೂರು ಕಪ್ಪು ಇಟ್ಟ.

"ಇಬ್ಬರs ಅದೀವಿ ಚಾಚಾ."

"ಲಗಮವ್ವಕ್ಕಗ ಬ್ಯಾಡೇನು? ಈಗ ನೋಡಿದ್ನಲ್ಲೋ, ಬಾಗಲದ ಬಾಜೂ ಕುಂತಿದ್ರು."

ತಿರುಗಿ ನೋಡಿದೆ. ಮುಸಾಫಿರಖಾನೆಯ ಬಾಗಿಲ ಪಕ್ಕದಲ್ಲಿ ನಾನೇ ಇಟ್ಟ ಕಂಬಳಿಯ ಗಂಟು ಇತ್ತು. ಮುದುಕನ ಕಣ್ಣಿಗೆ ಪೊರೆ ಬಂದಿತ್ತು, ನಿಜ. ಆದರೆ ಕೂಡಲು ಬೇಕಾದಷ್ಟು ಬಾಕುಗಳಿದ್ದರೂ ಗಂಟನ್ನು ಹೊಸ್ತಿಲ ಹತ್ತಿರವೇ ಇಡಲು ನನ್ನ ಕೈ ಯಾಕೆ ಹೋಯಿತು? ಮೂರನೆಯ ಕಪ್ಪನ್ನು ಯಾರೂ ಕುಡಿಯಲಿಲ್ಲ.

ವಿಮಾನದಲ್ಲಿ

ವಿಮಾನದ ಬಗ್ಗೆ ನಾನು ಹೇಳುವುದು ಕಡಿಮೆ. ಕಿವಿ ಮುಚ್ಚಿತು, ನಿದ್ದೆ ಬರಲಿಲ್ಲ, ಕಕ್ಕಸಿನ ಬಾಗಿಲು ತೆರೆಯಲು ಬಾರದೆ ಒಳಗಿನಿಂದ ಬಡಿದೆ. ಬಾಯಿಯವರ ಸೀಟು ಹಿಂದೆಲ್ಲೋ ಬಂದಿತ್ತು. ನನ್ನ ಪಕ್ಕದ ಸೀಟು ಅಕ್ಕನದು. ಅದರ ತಿಕೀಟು ರದ್ದಾಗಿರಲಿಲ್ಲ. ಹುಡುಗಿ ಊಟದ ತಟ್ಟೆ ತಂದಾಗ ಆ ಸೀಟಿನ ಮುಂದೆಯೂ ಒಂದು ಇಟ್ಟಳು. ಬೇಡವೆಂದು ಕೈಯಾಡಿಸಿದೆ. ಆಕೆ ನಕ್ಕು, ತುಟಿಯ ಮೇಲೆ ಬೆರಳಿಟ್ಟು, ಮಲಗಿದವರನ್ನು ಎಬ್ಬಿಸಬೇಡ ಎನ್ನುವಂತೆ ಸನ್ನೆ ಮಾಡಿ ಹೋದಳು. ಸೀಟಿನ ಮೇಲೆ ಕಂಬಳಿಯ ಗಂಟು ಒರಗಿಕೊಂಡಿತ್ತು. ಯಾರಾದರೂ ತಲೆ ಮುಚ್ಚಿಕೊಂಡು ಮಲಗಿದಂತೆಯೇ ಕಾಣುತ್ತಿತ್ತು.

ಇದನ್ನು ಓದಿ ಕೆಲವರು ನಗಬಹುದು. ನಾನೂ ನಗಲು ನೋಡಿದೆ. ತಟ್ಟೆಯನ್ನು ಎತ್ತಿಕೊಂಡು ಹೋಗುವವರೆಗೂ ಆ ಕಡೆ ತಿರುಗಲಿಲ್ಲ.

ವೆಲ್ಲಿಂಗ್ಟನ್

ನಮ್ಮಲ್ಲಿ ಮುಂಗಾರು ಶುರುವಾಗುವಾಗ ಅಲ್ಲಿ ಚಳಿಗಾಲ. ವೆಲ್ಲಿಂಗ್ಟನ್ ಎಂಬುದು ಗಾಳಿಯ ಊರು. ನಮ್ಮ ಕಡೆಯ ಗಾಳಿ ಧೂಳು ತರುತ್ತದೆ, ಅಲ್ಲಿಯದು ಸಮುದ್ರದ ಉಪ್ಪು ತರುತ್ತದೆ. ಕೊಡೆ ಬಿಚ್ಚಿದ ಕೂಡಲೇ ಮುರಿದು ನನ್ನ ಕೈಯಲ್ಲಿ ಬರೀ ಕೋಲು ಉಳಿಯಿತು. ದಾರಿಯಲ್ಲಿ ಹೋಗುವ ಅಪರಿಚಿತರು ಕಣ್ಣಿಗೆ ಕಣ್ಣು ಕೂಡಿದರೆ ನಗುತ್ತಾರೆ. ನಮ್ಮಲ್ಲಾದರೆ "ಯಾವೂರ್ರಿ?" ಎಂದು ಕೇಳುತ್ತಿದ್ದರು. ಇವರು ನಕ್ಕು ಸುಮ್ಮನಾಗುತ್ತಾರೆ.

ಕೂಟಕ್ಕೆ ಮೊದಲು ನಮ್ಮನ್ನು ಅವರ ಪಾರ್ಲಿಮೆಂಟು ನೋಡಲು ಕರೆದೊಯ್ದರು. ಕಲ್ಲಿನ ದೊಡ್ಡ ಕಟ್ಟಡ. ಸಂದು ನೋಡಿದೆ, ಚಲೋ ಕೆಲಸ. ಒಳಗೆ ಒಂದು ಕೋಣೆಗೆ ಹೋದ ಕೂಡಲೇ ನಾನು ನಿಂತೆ. ಗೋಡೆಗಳ ತುಂಬ ಮರದಲ್ಲಿ ಕೆತ್ತಿದ ಮನುಷ್ಯರು. ನಾಲಿಗೆ ಚಾಚಿದವರು, ಹೊಟ್ಟೆಯ ಮೇಲೆ ಕೈ ಇಟ್ಟವರು. ಕಣ್ಣಿನ ಜಾಗದಲ್ಲಿ ನೀಲಿ-ಹಸಿರು ಬಣ್ಣದ ಚಿಪ್ಪು ಕೂರಿಸಿದ್ದಾರೆ. ನಾನು ಎಡಕ್ಕೆ ಸರಿದರೆ ಆ ಹೊಳಪು ಎಡಕ್ಕೆ ಸರಿಯುತ್ತದೆ.

ನಮ್ಮನ್ನು ಕರೆದೊಯ್ದವಳು ಮಾವೊರಿ ಹೆಂಗಸು. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಬಾಯಿಯವರು ತಿರುಗಿಸಿ ಹೇಳಿದರು. "ಇವರು ಶೃಂಗಾರಕ್ಕ ಇಟ್ಟ ಬೊಂಬಿ ಅಲ್ಲಂತ ಸಿದ್ದಪ್ಪಾ. ಇವರ ಹಿರೇರಂತ. ಇವರೂ ಸಭಾದಾಗ ಕುಂತಾರಂತ."

ಆ ದೇಶದ ಸಭೆಯಲ್ಲಿ ಮಾವೊರಿಗಳಿಗೆಂದೇ ನೂರು ವರ್ಷಕ್ಕೂ ಹಿಂದಿನಿಂದ ಬೇರೆ ಜಾಗಗಳಿವೆ. ಮೊದಮೊದಲು ಬಂದ ಸದಸ್ಯರು ಬೇರೆಯವರ ಸೂರಿನ ಕೆಳಗೆ, ಬೇರೆಯವರ ಗೋಡೆಗಳ ನಡುವೆ ಕುಳಿತರು. ಅವರ ಕೈ ಕೆಲಸದ ಕೋಣೆ ಎದ್ದದ್ದು ಎಷ್ಟೋ ವರ್ಷದ ಮೇಲೆ. "ಕುರ್ಚಿ ಕೊಡೂದು ಸಸಾರ, ಗ್ವಾಡಿ ಕೊಡೂದು ಕಠಿಣ ಅಂತಾಳ ನೋಡು ಈಕಿ" ಎಂದರು ಬಾಯಿಯವರು. ಆ ಹೆಂಗಸು ನನ್ನ ಕಡೆ ತಿರುಗಿ ಏನೋ ಕೇಳಿದಳು.

"ನಿಮ್ಮ ಅಕ್ಕ ಕುಂತ ಸಭಾದ ಮನಿ ಹ್ಯಾಂಗಿತ್ತು ಅಂತ ಕೇಳ್ತಾಳ. ಹೇಳ, ನೀನs ಕಟ್ಟೀಯಲ್ಲ."

ಗೋಡೆಯ ಮೇಲಿನ ಅಷ್ಟೂ ಕಣ್ಣುಗಳು ನನ್ನ ಮೇಲಿದ್ದವು.

"ಚಲೋ ಇತ್ರಿ" ಎಂದೆ. "ಎಲ್ಲಾರಿಗೂ ಜಾಗಾ ಇತ್ತು."

ಬಾಯಿಯವರು ನಮ್ಮ ಪಂಚಾಯಿತಿಗೆ ಬಂದವರು. ಅಕ್ಕ ಕುಳಿತದ್ದನ್ನು ಕಂಡವರು. ಕಟ್ಟೆ ಯಾಕಾಯಿತು ಎಂಬುದಷ್ಟೇ ಅವರಿಗೆ ಗೊತ್ತಿರಲಿಲ್ಲ. ಒಂದು ಗಳಿಗೆ ನನ್ನನ್ನು ನೋಡಿ, ಆಮೇಲೆ ನನ್ನ ಸುಳ್ಳನ್ನು ಇಂಗ್ಲಿಷಿಗೆ ತಿರುಗಿಸಿದರು.

ಇಳಿದುಕೊಂಡ ಕೋಣೆಗೆ ಬಂದು ಫೋಟೋ ಬಿಚ್ಚಿದೆ. ವಿಮಾನ ಹತ್ತುವ ಮೊದಲು ಮುಂಬಯಿಯಲ್ಲಿ ನೋಡಿದಾಗ ಗಾಜಿನ ಒಳಗೆ ಕೆಳ ಅಂಚಿಗೆ ಸ್ವಲ್ಪ ಮಂಜು ಕೂತಿತ್ತು. ಒರೆಸಿದರೆ ಹೋಗಲಿಲ್ಲ, ಒಳಮೈಗೆ ಹತ್ತಿತ್ತು. ಈಗ ಅದು ಆಕೆಯ ಕೊರಳತನಕ ಬಂದಿತ್ತು. ಹವೆ ಬದಲಾದರೆ ಹೀಗಾಗುತ್ತದೆ ಎಂದರು ಬಾಯಿಯವರು. ಇದ್ದೀತು. ಆದರೆ ಗೋಡೆಯಲ್ಲಿ ಹಸಿ ಏರುವುದನ್ನು ಆಯುಷ್ಯವೆಲ್ಲ ನೋಡಿದವನು ನಾನು. ಅದು ಏರುವುದು ಹೀಗೆಯೇ, ಕೆಳಗಿನಿಂದ, ಸದ್ದಿಲ್ಲದೆ, ನೇರ ಒಂದು ಗೆರೆಯಾಗಿ.

ಅಂಗಳದ ಮುಂದೆ

ಕೂಟ ನಡೆಯುವ ಊರು ಸಮುದ್ರದ ದಂಡೆಗೆ ಇತ್ತು. ಹೆಮಿ ಎಂಬ ದೊಡ್ಡ ಆಳು ವ್ಯಾನು ತಂದಿದ್ದ. ನಾನು ಕುರಿಗಾರರ ಹಟ್ಟಿಯವನು ಎಂದು ತಿಳಿದ ಮೇಲೆ ದಾರಿಯಲ್ಲಿ ಕಂಡ ಪ್ರತಿಯೊಂದು ಕುರಿಮಂದೆಗೂ ವ್ಯಾನು ನಿಧಾನ ಮಾಡಿ, "ನಿನ್ನ ಬೀಗರು" ಎನ್ನುವಂತೆ ಕೈ ತೋರಿಸಿ ನಗುತ್ತಿದ್ದ. ಕುರಿಗಳು ಸಾವಿರಗಟ್ಟಲೆ. ಕಾಯುವವರು ಮಾತ್ರ ಎಲ್ಲೂ ಇಲ್ಲ. ಆಳಿಲ್ಲದ ಮಂದೆಗಳು ಮಂಜಿನಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ನಗು ನನ್ನ ಬಾಯಲ್ಲಿ ಉಳಿಯಲಿಲ್ಲ.

ಊರು ತಲುಪಿದ ಮೇಲೆ ಅಂಗಳದ ಬಾಗಿಲಲ್ಲಿ ನಮ್ಮನ್ನು ನಿಲ್ಲಿಸಿದರು. ಕರೆಯುವತನಕ ಕಾಲಿಡಬಾರದು. ಹುಲ್ಲಿನ ಅಂಗಳ, ಅದರಾಚೆ ಕೆಂಪು ಬಣ್ಣದ ಒಂದು ಮನೆ. ಎರಡು ಕಡೆ ಇಳಿಜಾರು ಸೂರು. ಮುಂದಿನ ಎರಡು ಹಲಗೆಗಳು ಅಪ್ಪಿಕೊಳ್ಳಲು ಚಾಚಿದ ತೋಳಿನಂತೆ ಕೆಳಗೆ ಬಂದು, ತುದಿಯಲ್ಲಿ ಬೆರಳುಗಳಾಗಿದ್ದವು. ಹನಿ ಮಳೆ. ಯಾರೂ ಕಾಣಿಸಲಿಲ್ಲ.

ಆಮೇಲೆ ದನಿ ಬಂತು. ಹಾಡಲ್ಲ, ಅಳುವಲ್ಲ. ಉದ್ದಕ್ಕೆ ಎಳೆದು ತುದಿಯಲ್ಲಿ ಬೀಳುವ ಒಬ್ಬ ಹೆಂಗಸಿನ ಕೂಗು. ಮನೆಯೇ ಬಾಯಿ ತೆರೆದಂತೆ ಕೇಳಿತು. ಹೆಮಿ ಬಾಯಿಯವರ ಕಿವಿಯಲ್ಲಿ ಹೇಳಿದ, ಅವರು ನನಗೆ ಹೇಳಿದರು: "ಬಂದವರನ್ನ ಕರೀತಾರ. ನಿಮ್ಮ ಬೆನ್ನಿಗೆ ಬಂದ ಸತ್ತವರೂ ಒಳಗ ಬರ್ರಿ ಅಂತಾರ."

ಕಂಬಳಿ ಬಿಚ್ಚಿ ಫೋಟೋವನ್ನು ಎದೆಗೆ ಹಿಡಿದು ನಡೆದೆ. ಮಂಜು ಗಲ್ಲ ದಾಟಿ ತುಟಿಯತನಕ ಏರಿತ್ತು. ಮನೆಯ ಮುಂದೆ ಸಾಲಾಗಿ ನಿಂತವರು ಒಬ್ಬೊಬ್ಬರೇ ಮೂಗಿಗೆ ಮೂಗು ಒತ್ತಿ, ಉಸಿರಿಗೆ ಉಸಿರು ಕೂಡಿಸಿದರು. ಕೂಗಿದಾಕೆ ಬಹಳ ವಯಸ್ಸಾದ ಹೆಂಗಸು. ಎಲ್ಲರೂ ಆಕೆಯನ್ನು ಕುಯಿ ಎನ್ನುತ್ತಿದ್ದರು, ನಾವು ಆಯಿ ಎಂದಂತೆ. ಆಕೆ ನನ್ನ ಹತ್ತಿರ ಬಂದು ಮೊದಲು ಬಗ್ಗಿ ಅಕ್ಕನ ಫೋಟೋಕ್ಕೆ ಮೂಗು ಒತ್ತಿದಳು. ಆಮೇಲೆ ನನಗೆ. ಆಮೇಲೆ ನನ್ನ ಭುಜದ ಹಿಂದೆ, ಯಾರೂ ಇಲ್ಲದ ಜಾಗಕ್ಕೆ ತಲೆ ಬಾಗಿಸಿದಳು.

ಹೊಟ್ಟೆಯ ಒಳಗೆ

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಒಳಗೆ ಒಂದೇ ದೊಡ್ಡ ಕೋಣೆ. ಹೆಮಿ ಮೇಲೆ ತೋರಿಸಿ ಹೇಳಿದ: ಇದು ಮನೆಯಲ್ಲ, ನಮ್ಮ ಹಿರಿಯನ ಮೈ. ನೆತ್ತಿಯ ತೊಲೆ ಬೆನ್ನುಹುರಿ. ಜಂತಿಗಳು ಪಕ್ಕೆಲುಬು. ಈಗ ನೀವು ಆತನ ಹೊಟ್ಟೆಯಲ್ಲಿದ್ದೀರಿ. ಮನೆ ಬಿದ್ದರೆ ಹೆಣಕ್ಕೆ ಅಳುವ ಹಾಗೆ ಅಳುತ್ತೇವೆ. ನಾನು ಎಷ್ಟೋ ಮನೆಗಳಿಗೆ ಜಂತಿ ಏರಿಸಿದ್ದೇನೆ. ಪಕ್ಕೆಲುಬು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಗಾಳಿ ಬೀಸಿದಾಗ ಮರ ಲಟಕ್ಕೆಂದಿತು. ಯಾರೋ ಉಸಿರು ಬಿಟ್ಟಂತಾಯಿತು.

ಗೋಡೆಯ ಉದ್ದಕ್ಕೂ ಕೆತ್ತಿದ ಹಿರಿಯರು, ಅದೇ ಚಿಪ್ಪಿನ ಕಣ್ಣು. ಅವರ ನಡುವೆ ಸತ್ತವರ ಫೋಟೋಗಳು. ಅಕ್ಕನ ಫೋಟೋವನ್ನು ಕುಯಿ ತಾನೇ ಇಸಿದುಕೊಂಡು ಅವರ ಸಾಲಿನಲ್ಲಿ, ಎಲ್ಲರ ಮಟ್ಟಕ್ಕೆ ಸರಿಯಾಗಿ ಇಟ್ಟಳು.

ಹತ್ತಿರ ಕಂಡ ದಿಂಬಿನ ಮೇಲೆ ಕುಳಿತುಬಿಟ್ಟೆ. ಕುಯಿ ಓಡಿಬಂದು ನನ್ನ ಕೆಳಗಿನಿಂದ ದಿಂಬನ್ನು ಎಳೆದುಕೊಂಡಳು. ನಾನು ದೊಪ್ಪೆಂದು ನೆಲಕ್ಕೆ ಬಿದ್ದೆ. ಎಲ್ಲರೂ ನಕ್ಕರು. ಕುಯಿ ನನ್ನ ತಲೆ ಮುಟ್ಟಿ, ದಿಂಬು ಮುಟ್ಟಿ, ತಲೆ ಇಡುವಲ್ಲಿ ಅಂಡು ಇಡಬಾರದು ಎಂದು ಕೈಸನ್ನೆಯಲ್ಲೇ ಬೈದಳು. ಹೌದಲ್ಲ, ನಮ್ಮಲ್ಲೂ ಒನಕೆಯ ಮೇಲೆ ಕೂಡಬೇಡ, ಹೊಸ್ತಿಲ ಮೇಲೆ ಕೂಡಬೇಡ ಎಂದು ಮಕ್ಕಳಿಗೆ ಗದರಿಸುತ್ತೇವೆ. ಊರಿಗೆ ಊರೇ ನನ್ನ ಅಕ್ಕನನ್ನು ಹೊಸ್ತಿಲ ಹತ್ತಿರ ಕೂಡಿಸಿದಾಗ ಯಾರೂ ಗದರಿಸಲಿಲ್ಲ.

ಬಿದ್ದವನು ಎದ್ದೇಳದೆ ಹಾಗೆಯೇ ಕುಳಿತು ಸುತ್ತ ನೋಡಿದೆ. ಕಟ್ಟೆ ಇರಲಿಲ್ಲ. ಕುರ್ಚಿ ಇರಲಿಲ್ಲ. ಅವರಲ್ಲಿ ದೊಡ್ಡ ಸಭೆಗೆ ಆರಿಸಿ ಹೋಗಿದ್ದ ಮುದುಕನೊಬ್ಬ ಗೋಡೆಗೆ ಒರಗಿ, ಕಾಲು ಚಾಚಿ, ಒಂದು ಕೂಸಿನ ಮೂಗು ಒರೆಸುತ್ತಿದ್ದ. ಎಲ್ಲರೂ ನಾಲ್ಕೂ ಗೋಡೆಯ ಸುತ್ತ, ಒಂದೇ ನೆಲದ ಮೇಲೆ. ಅಕ್ಕ ಬೂದಿಯಲ್ಲಿ ಎಳೆದ ಗೆರೆಯ ಒಳಗೆ ನಾನು ಕುಳಿತಿದ್ದೆ.

ಮರುದಿನ ಮುಂಜಾನೆ

ಮಳೆ ನಿಂತಿರಲಿಲ್ಲ. ನಾಷ್ಟಾ ಆದ ಮೇಲೆ ಬಂದವರು ಒಬ್ಬೊಬ್ಬರಾಗಿ ಎದ್ದು ಮಾತಾಡಬೇಕಿತ್ತು. ನನಗೆ ಬಾಯಿಯವರು ಮಾತನ್ನು ಊರಿನಲ್ಲೇ ಬಾಯಿಪಾಠ ಮಾಡಿಸಿದ್ದರು. ಪರದೇಶದವರ ಮುಂದೆ ಅಕ್ಕನ ಮಾನ ಕಾಯುವ ಚೆನ್ನಾದ ಮಾತು. ಆಕೆ ಊರಿಗಾಗಿ ದುಡಿದಳು, ಆಕೆ ಹಟ್ಟಿಗೆ ನೀರು ತರಿಸಿದಳು, ಆಕೆ ಸಭೆಯಲ್ಲಿ ಎಲ್ಲರ ಸರಿಸಮ ಕುಳಿತಳು.

ಎದ್ದು ನಿಂತೆ. "ನಮ್ಮ ಅಕ್ಕ ಲಗಮವ್ವ ಅಂತ. ಆಕಿ ಊರ ಸಲುವಾಗಿ..."

ಕುಯಿ ಕೈ ಎತ್ತಿದಳು. ನಾನು ನಿಲ್ಲಿಸಿದೆ. ಆಕೆ ಅಕ್ಕನ ಫೋಟೋದ ಕಡೆ ತೋರಿಸಿ ಹೆಮಿಗೆ ಏನೋ ಹೇಳಿದಳು, ಹೆಮಿ ಬಾಯಿಯವರಿಗೆ ಹೇಳಿದ.

"ಸಿದ್ದಪ್ಪಾ," ಎಂದರು ಬಾಯಿಯವರು, "ನೀ ಯಾರಿಗೆ ಹೇಳಾಕತ್ತೀ ಅಂತ ಕೇಳ್ತಾರ. ಆಕಿ ಇಲ್ಲೇ ಅದಾಳಲ್ಲ ಅಂತ. ಈ ಮನ್ಯಾಗ ಸತ್ತವರ ಬಗ್ಗೆ ಮಾತಾಡೂದಿಲ್ಲಂತ, ಅವರ ಜೋಡಿ ಮಾತಾಡತಾರಂತ. 'ಆಕಿ' ಅನಬ್ಯಾಡ. 'ನೀ' ಅನಬೇಕಂತ."

ಸಣ್ಣ ಬದಲು ಎಂದುಕೊಂಡೆ. ಫೋಟೋದ ಕಡೆ ತಿರುಗಿದೆ. ಮಂಜು ತುಟಿ ಮುಚ್ಚಿ ಮೂಗಿನ ನತ್ತಿನತನಕ ಬಂದಿತ್ತು. ಕಣ್ಣು ಮಾತ್ರ ತೆರೆದಿದ್ದವು. ಆ ಸಭೆಯಲ್ಲಿ ನನ್ನ ಮುಖ ನೋಡಿದ ಕಣ್ಣು.

"ಅಕ್ಕಾ, ನೀ ಊರ ಸಲುವಾಗಿ ದುಡದಿ" ಎಂದೆ. ಅದು ಬಂತು. "ನೀ ಹಟ್ಟಿಗೆ ನೀರ ತರಿಸಿದಿ." ಅದೂ ಬಂತು. ಮುಂದಿನದು, ನೀ ಸಭೆಯಲ್ಲಿ ಎಲ್ಲರ ಸರಿಸಮ ಕುಳಿತೆ ಎಂಬುದು, ಬಾಯಿಗೆ ಬಂದು ನಿಂತಿತು. 'ಆಕಿ' ಎಂದು ಲೋಕಕ್ಕೆಲ್ಲ ಹೇಳಬಹುದಾಗಿದ್ದ ಸುಳ್ಳು 'ನೀ' ಎಂದ ಕೂಡಲೇ ಹೊರಗೆ ಬರಲಿಲ್ಲ. ಆಕೆಗೆ ಗೊತ್ತಿತ್ತಲ್ಲ.

ಯಾರೂ ಅವಸರ ಮಾಡಲಿಲ್ಲ. ಸೂರಿನ ಮೇಲೆ ಮಳೆ, ಸುತ್ತ ಆ ಚಿಪ್ಪಿನ ಕಣ್ಣುಗಳು. ಫೋಟೋದ ಮುಂದೆ ಮಂಡಿಯೂರಿದೆ. ಚಾಪೆಯ ಅಂಚಿನ ಆಚೆ ಅಂಗೈ ನೆಲಕ್ಕೆ ತಾಗಿತು. ಗೌಂಡಿಯ ಕೈ, ತಾನಾಗಿಯೇ ನೆಲವನ್ನು ಒತ್ತಿ ನೋಡಿತು. ಆ ಊರಲ್ಲಿ ಹೊರಗಿನ ಹುಲ್ಲೆಲ್ಲ ನೀರಾಗಿತ್ತು. ಸಮುದ್ರ ಕೂಗಳತೆಯಲ್ಲಿತ್ತು. ಕಟ್ಟೆ ಇಲ್ಲದ ಆ ನೆಲ ಮಾತ್ರ ಬಣಬಣ ಒಣಗಿತ್ತು.

ಬಾಯಿಯವರು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದವರು ಮುಚ್ಚಿದರು. ನಾನು ಹೇಳಿದ್ದು ಆ ಮನೆಯಲ್ಲಿ ಅವರಿಗೊಬ್ಬರಿಗೆ ತಿಳಿಯಿತು, ಮತ್ತು ಯಾರಿಗೆ ಹೇಳಿದೆನೋ ಆಕೆಗೆ.

"ಅಕ್ಕಾ, ಹಸಿ ಏರತಿರಲಿಲ್ಲ. ನನಗ ಗೊತ್ತಿತ್ತು. ನೀ ಹೇಳಿದಂಗ ಕಟ್ಟಾಕ ಬರತಿತ್ತು. ಮಂದಿ ನಗತಾರಂತ ಸುಳ್ಳ ಹೇಳಿ ನಿನ್ನ ಬಾಗಲದಾಗ ಕುಂದ್ರಿಸಿದೆ. ತಪ್ಪಾತಬೇ. ಒಳಗ ಬಾ."